ಟೂರ್ ಬಿಟ್ಟ ಮೇಲಿನ ಮೊದಲ 52 ವಾರ

ನಾನು ಕೊನೆಯ ಟೆನಿಸ್ ಮ್ಯಾಚ್ ಆಡಿದ ವಾರ ನನ್ನ ರ‍್ಯಾಂಕಿಂಗ್ 418. ಮುಂದಿನ ಸೋಮವಾರ ನೋಡಿದೆ, ಆಗಲೂ 418. ಅದರ ಮುಂದಿನ ಸೋಮವಾರ 431. ಆಮೇಲೆ 470, 560 ಅಂತ ಜಾರುತ್ತಾ ಹೋಯಿತು. ವರ್ಷ ತುಂಬುವ ಹೊತ್ತಿಗೆ ಪಟ್ಟಿಯಲ್ಲಿ ನನ್ನ ಹೆಸರೇ ಇರಲಿಲ್ಲ.

ಟೆನಿಸ್‌ನಲ್ಲಿ ಪಾಯಿಂಟ್‌ಗಳ ಆಯುಸ್ಸು 52 ವಾರ. ನೀವು ಆಡಲಿ ಬಿಡಲಿ, ಒಂದು ವರ್ಷದ ಹಿಂದೆ ಗಳಿಸಿದ್ದು ಉದುರಿ ಹೋಗುತ್ತದೆ. ಹನ್ನೊಂದು ವರ್ಷ ಊರೂರು ಸುತ್ತಿ ವೃತ್ತಿಪರ ಟೂರ್ನಿ ಆಡುತ್ತಾ ಟೂರ್‌ನಲ್ಲಿದ್ದವನಿಗೆ ಈ ಲೆಕ್ಕ ಬಾಯಿಪಾಠ. ಆದರೂ ಆ ವರ್ಷ ಪ್ರತಿ ಸೋಮವಾರ ಬೆಳಿಗ್ಗೆ ಹಾಸಿಗೆಯಲ್ಲೇ ಫೋನ್ ತೆಗೆದು ಪಟ್ಟಿ ನೋಡುತ್ತಿದ್ದೆ. ಬೇರೆ ಏನೂ ಮಾಡಲಿಲ್ಲ. ಅಷ್ಟು ಸಮಯ ಕೈಯಲ್ಲಿತ್ತು, ಸುಮ್ನೆ ಹೋಯಿತು.

ಈಗ ಕೋಚ್ ಆಗಿ ಒಂಬತ್ತು ವರ್ಷವಾಯಿತು. ಆಟ ನಿಲ್ಲಿಸುವ ಹಂತದಲ್ಲಿರುವ ಹುಡುಗ ಹುಡುಗಿಯರು ಬಂದು ಕೇಳುತ್ತಾರೆ, "ಸರ್, ಮುಂದೆ ಏನು ಮಾಡೋದು?" ಅವರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ. ಇದು ಮುಖ್ಯವಾಗಿ ಪಟ್ಟಿಯಲ್ಲಿ 200ರಿಂದ 1000ದ ಒಳಗೆ ಓಡಾಡಿದವರಿಗೆ. ತಮ್ಮ ಬಟ್ಟೆ ತಾವೇ ಒಗೆದುಕೊಂಡು, ಟಿಕೆಟ್ ತಾವೇ ಬುಕ್ ಮಾಡಿಕೊಂಡು ಆಡಿದವರಿಗೆ. ನಿಮ್ಮ ಪಾಯಿಂಟ್ ಖಾಲಿಯಾಗಲು ಹಿಡಿಯುವ ಆ 52 ವಾರವನ್ನು ನಿಮ್ಮ ನೋಟಿಸ್ ಪೀರಿಯಡ್ ಅಂದುಕೊಳ್ಳಿ. ಏನೇನು ಮಾಡಬೇಕೋ ಅಷ್ಟರೊಳಗೆ ಮಾಡಿ.

ನಿಲ್ಲಿಸುವ ಮೊದಲು ಮೂರು ಗುರುವಾರ

ಸೋತ ದಿನ ನಿರ್ಧಾರ ಮಾಡಬೇಡಿ. ಗೆದ್ದ ದಿನವೂ ಬೇಡ. ನಾನು ಹೇಳಿಕೊಡುವ ಪರೀಕ್ಷೆ ಬೇರೆ. ಸಣ್ಣ ಟೂರ್ನಿಗಳ ಎಂಟ್ರಿ ಡೆಡ್‌ಲೈನ್ ಗುರುವಾರ ಬರುತ್ತದೆ, ಗೊತ್ತಲ್ವಾ? ಮೂರು ಗುರುವಾರ ಎಂಟ್ರಿ ಹಾಕದೆ ಬಿಡಿ. ಆ ಸಂಜೆ ಪಟ್ಟಿ ತೆರೆದು ನೋಡಿ. ಯಾರು ಎಲ್ಲಿಗೆ ಹೋಗುತ್ತಿದ್ದಾರೆ, ಯಾರಿಗೆ ನೇರವಾಗಿ ಮೇನ್ ಡ್ರಾ, ಅಂದರೆ ಮುಖ್ಯ ಹಂತ, ಸಿಕ್ಕಿದೆ, ಯಾರಿಗೆ ಅದಕ್ಕೂ ಮೊದಲಿನ ಅರ್ಹತಾ ಹಂತ, ಕ್ವಾಲಿಫೈಯಿಂಗ್. ಹೊಟ್ಟೆಯಲ್ಲಿ ಸಂಕಟವಾದರೆ ನಿಮಗೆ ಬೇಕಿರುವುದು ವಿಶ್ರಾಂತಿ ಅಷ್ಟೇ. ಮೂರನೇ ಗುರುವಾರ ಪಟ್ಟಿ ನೋಡುವುದೇ ಮರೆತುಹೋದರೆ ಅದು ಬೇರೆ ಮಾತು. ನನಗೆ ಎರಡನೇ ಗುರುವಾರವೇ ಮರೆತುಹೋಗಿತ್ತು. ರಾತ್ರಿ ಹತ್ತು ಗಂಟೆಗೆ ನೆನಪಾಯಿತು. ಆಗ ಬಂದದ್ದು ದುಃಖವಲ್ಲ, ನೆಮ್ಮದಿ. ಆ ನೆಮ್ಮದಿ ನೋಡಿಯೇ ನನಗೆ ಅಳು ಬಂತು.

ಗಾಯದಿಂದ ನಿಲ್ಲಿಸುವವರು ಇನ್ನೊಂದು ವಿಷಯ ತಿಳಿದಿರಬೇಕು. ಪುರುಷರ ಟೂರ್‌ನಲ್ಲಿ ಗಾಯವಾಗಿ ಕನಿಷ್ಠ 6 ತಿಂಗಳು ಎಲ್ಲೂ ಆಡದೇ ಇದ್ದರೆ ಪ್ರೊಟೆಕ್ಟೆಡ್ ರ‍್ಯಾಂಕಿಂಗ್‌ಗೆ ಅರ್ಜಿ ಹಾಕಬಹುದು. ಗಾಯವಾದ ಮೊದಲ 3 ತಿಂಗಳ ಸರಾಸರಿ ಸ್ಥಾನ ಹಿಡಿದು ಕೊಡುತ್ತಾರೆ. ವಾಪಸ್ ಬಂದಾಗ ಕೆಲವು ಟೂರ್ನಿಗಳಿಗೆ ಆ ಸ್ಥಾನದಿಂದಲೇ ಎಂಟ್ರಿ ಸಿಗುತ್ತದೆ. ಮಹಿಳೆಯರ ಟೂರ್‌ನಲ್ಲಿ ಇದನ್ನೇ ಸ್ಪೆಷಲ್ ರ‍್ಯಾಂಕಿಂಗ್ ಅನ್ನುತ್ತಾರೆ. "ಹೇಗೂ ಮುಗೀತು" ಅನ್ನಿಸುತ್ತಿದ್ದರೂ ಈ ಅರ್ಜಿ ಹಾಕಿ. ನನಗೆ ಸೊಂಟದ ಕೀಲಿನ ಆಪರೇಷನ್ ಆದಾಗ ನಾನು ಹಾಕಲಿಲ್ಲ. ಎಂಟು ತಿಂಗಳಾದ ಮೇಲೆ ಕಾಲು ಸರಿಹೋಯಿತು, ಆಡುವ ಆಸೆ ಮತ್ತೆ ಚಿಗುರಿತು. ಆದರೆ ಅಷ್ಟರಲ್ಲಿ ಕ್ವಾಲಿಫೈಯಿಂಗ್ ಪಟ್ಟಿಯಲ್ಲೂ ನನಗೆ ಜಾಗವಿರಲಿಲ್ಲ.

ಬ್ರಿಟನ್ನಿನ ಆಟಗಾರ ಆಂಡಿ ಮರ್ರಿಯನ್ನು ನೋಡಿ. 2019ರ ಜನವರಿಯಲ್ಲಿ ಮೆಲ್ಬರ್ನ್‌ನಲ್ಲಿ ಕಣ್ಣೀರಿಟ್ಟು, ಇದೇ ನನ್ನ ಕೊನೆಯ ಟೂರ್ನಿ ಆಗಬಹುದು ಅಂದಿದ್ದರು. ಅದೇ ತಿಂಗಳು ಸೊಂಟದ ಕೀಲಿಗೆ ಲೋಹ ಹಾಕಿಸಿಕೊಂಡರು. ಅಕ್ಟೋಬರ್‌ನಲ್ಲಿ ಆಂಟ್‌ವರ್ಪ್‌ನಲ್ಲಿ ಸಿಂಗಲ್ಸ್ ಪ್ರಶಸ್ತಿ ಗೆದ್ದರು. ನಿಜವಾಗಿ ನಿಲ್ಲಿಸಿದ್ದು 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ. ಎಲ್ಲರಿಗೂ ಹಾಗಾಗುತ್ತದೆ ಅಂತಲ್ಲ. ಬಾಗಿಲಿಗೆ ಬೀಗ ಹಾಕಿದರೂ ಕೀಲಿಕೈ ಎಸೆಯಬೇಡಿ ಅಂತ ಹೇಳುತ್ತಿದ್ದೇನೆ.

ಕಾಗದಪತ್ರ

ಇದು ಬೇಸರದ ಕೆಲಸ. ಮೊದಲ ತಿಂಗಳಲ್ಲೇ ಮುಗಿಸಿಬಿಡಿ.

ಡೋಪಿಂಗ್ ಪರೀಕ್ಷೆಯ ಪಟ್ಟಿಯಲ್ಲಿರುವವರು ನಿವೃತ್ತಿಯನ್ನು ಬರವಣಿಗೆಯಲ್ಲಿ ತಿಳಿಸಬೇಕು. ಇನ್‌ಸ್ಟಾಗ್ರಾಮ್‌ನಲ್ಲಿ ವಿದಾಯ ಹೇಳಿದರೆ ಸಾಲದು. ನನ್ನ ಡಬಲ್ಸ್ ಜೊತೆಗಾರ ಆ ಪಟ್ಟಿಯಲ್ಲಿದ್ದ. ದಿನಕ್ಕೆ ಒಂದು ಗಂಟೆ ಎಲ್ಲಿ ಇರುತ್ತೀನಿ ಅಂತ ಮೊದಲೇ ಬರೆದಿಡಬೇಕು. 12 ತಿಂಗಳಲ್ಲಿ ಮೂರು ಸಲ ತಪ್ಪಿದರೆ ಅದೇ ಒಂದು ಅಪರಾಧ. ಆಟ ಬಿಟ್ಟ ಮೇಲೂ ಪತ್ರ ಕಳಿಸಿರಲಿಲ್ಲ ಅಂತ ಎರಡು ತಿಂಗಳು ಅವನು ಅಲಾರಂ ಇಟ್ಟುಕೊಂಡು ಆ್ಯಪ್ ತುಂಬುತ್ತಿದ್ದ. ಇನ್ನೊಂದು ಮಾತು. ಈ ಪಟ್ಟಿಯಲ್ಲಿದ್ದು ನಿವೃತ್ತರಾದವರು ಮತ್ತೆ ಆಡಬೇಕಾದರೆ 6 ತಿಂಗಳು ಮೊದಲೇ ತಿಳಿಸಿ, ಅಷ್ಟೂ ದಿನ ಪರೀಕ್ಷೆಗೆ ಸಿಗುವಂತಿರಬೇಕು. ಸಹಿ ಹಾಕುವ ಮೊದಲು ಇದು ನೆನಪಿರಲಿ.

ಆಮೇಲೆ ತೆರಿಗೆ. ಟೂರ್ನಿ ನಡೆದ ದೇಶದಲ್ಲೇ ಬಹುಮಾನದ ಹಣದಿಂದ ತೆರಿಗೆ ಹಿಡಿದುಕೊಳ್ಳುವುದುಂಟು. ಹಾಗೆ ಹಿಡಿದದ್ದಕ್ಕೆ ಕೊಡುವ ಚೀಟಿ ಇದ್ದರೆ ಎಷ್ಟೋ ಕಡೆ ನಿಮ್ಮ ದೇಶದ ತೆರಿಗೆಯಲ್ಲಿ ಅದನ್ನು ಕಳೆದುಕೊಳ್ಳಬಹುದು. ಚೀಟಿ ಇಲ್ಲದಿದ್ದರೆ ಒಂದೇ ದುಡ್ಡಿಗೆ ಎರಡು ಸಲ ಕಟ್ಟುತ್ತೀರಿ. ರ‍್ಯಾಕೆಟ್ ಬ್ಯಾಗಿನ ಪಕ್ಕದ ಜೇಬುಗಳನ್ನೆಲ್ಲ ತಡಕಿ. ನನಗೆ ಹಳೇ ಗ್ರಿಪ್ ಸುರುಳಿಯ ಒಳಗೆ ಮಡಚಿಟ್ಟ ನಾಲ್ಕು ಚೀಟಿ ಸಿಕ್ಕಿದವು. ಪುರುಷರ ಟೂರ್ ನಡೆಸುವ ಎಟಿಪಿಯಲ್ಲಿ ಅರ್ಹ ಆಟಗಾರರಿಗೆ ಪಿಂಚಣಿ ಯೋಜನೆಯೂ ಇದೆ. ನಿಮ್ಮ ವರ್ಷಗಳು ಲೆಕ್ಕಕ್ಕೆ ಬರುತ್ತವೆಯೇ ಅಂತ ಒಂದು ಮೇಲ್ ಹಾಕಿ ಕೇಳಿ. ನಾಚಿಕೆ ಬೇಡ, ಅದು ನೀವು ದುಡಿದದ್ದು.

ಮೈಯನ್ನು ನಿಧಾನವಾಗಿ ಇಳಿಸಿ

ದಿನಕ್ಕೆ ನಾಲ್ಕೈದು ಗಂಟೆ ಬೆವರು ಹರಿಸಿದ ಮೈ ಒಂದೇ ಸಲ ಸೋಫಾ ಮೇಲೆ ಕೂತರೆ ಎದುರು ಮಾತಾಡುತ್ತದೆ. ಓಡಾಟ ಕಮ್ಮಿಯಾದರೂ ಹಸಿವು ತಿಂಗಳುಗಟ್ಟಲೆ ಹಳೇ ಲೆಕ್ಕದಲ್ಲೇ ಇರುತ್ತದೆ. ನಿದ್ದೆ ಕೆಡುತ್ತದೆ. ಮನಸ್ಸು ಮಂಕಾಗುತ್ತದೆ. ಅದನ್ನು ದುಃಖ ಅಂತ ತಿಳಿಯುತ್ತೇವೆ. ಅರ್ಧ ಭಾಗ ದುಃಖವೇ ಇರಬಹುದು, ಇನ್ನರ್ಧ ಮೈ ತನ್ನ ದಿನಚರಿಗಾಗಿ ಹುಡುಕಾಡುವುದು. ಮೊದಲ ಮೂರು ತಿಂಗಳು ಅರ್ಧಕ್ಕಿಳಿಸಿ, ಮುಂದಿನ ಮೂರು ತಿಂಗಳು ಅದರ ಅರ್ಧ. ಆದರೆ ಒಂದು ದಿನವೂ ಪೂರ್ತಿ ಬಿಡಬೇಡಿ.

ಇನ್ನೊಂದು ವಿಷಯ ಯಾರೂ ನನಗೆ ಹೇಳಿರಲಿಲ್ಲ. ಚಿಕ್ಕಂದಿನಿಂದ ಆಡಿದವರ ರ‍್ಯಾಕೆಟ್ ಹಿಡಿಯುವ ತೋಳಿನ ಮೂಳೆಯೇ ಇನ್ನೊಂದಕ್ಕಿಂತ ದಪ್ಪ ಇರುತ್ತದೆ. ಸರ್ವ್ ಮಾಡಿ ಮಾಡಿ ಆ ಭುಜ ಒಳಮುಖವಾಗಿ ತಿರುಗುವುದು ಕಮ್ಮಿಯಾಗಿರುತ್ತದೆ. ಕನ್ನಡಿ ಮುಂದೆ ನಿಂತು ಎರಡೂ ಕೈಯನ್ನು ಬೆನ್ನ ಹಿಂದೆ ಕೆಳಗಿನಿಂದ ಮೇಲಕ್ಕೆ ತಂದು ನೋಡಿ. ನನ್ನ ಎಡಗೈ ಹೆಬ್ಬೆರಳು ಭುಜದ ಮೂಳೆಗಳ ನಡುವಿನವರೆಗೆ ಹೋಗುತ್ತಿತ್ತು, ಬಲಗೈ ಸೊಂಟದಿಂದ ಒಂದು ಗೇಣು ಮೇಲೆ ನಿಂತುಬಿಡುತ್ತಿತ್ತು. ಟೂರ್‌ನಲ್ಲಿದ್ದಾಗ ಫಿಸಿಯೋ ದಿನಾ ಹಿಡಿದು ಸಡಿಲಿಸುತ್ತಿದ್ದರು. ಈಗ ಆ ಕೆಲಸ ನಿಮ್ಮದೇ. ದಿನಕ್ಕೆ ಹತ್ತು ನಿಮಿಷ ಸಾಕು. ಎಡಗಾಲು, ಎಡಗೈ, ಬೆನ್ನಿನ ಎಡಭಾಗಕ್ಕೆ ಜಾಸ್ತಿ ಕೆಲಸ ಕೊಡಿ. ಎಡಗೈ ಆಟಗಾರರು ಇದನ್ನು ತಿರುಗಿಸಿ ಓದಿಕೊಳ್ಳಿ.

ಕೆಲಸ ಹುಡುಕುವುದು

ಮೊದಲು ಸಿಗುವ ಕೆಲಸ ಹಿಟ್ಟಿಂಗ್ ಪಾರ್ಟ್‌ನರ್. ಯಾವುದೋ ಒಳ್ಳೆ ಜೂನಿಯರ್‌ಗೆ ದಿನಕ್ಕೆ ಎರಡು ಗಂಟೆ ಚೆಂಡು ಹೊಡೆದು ಕೊಡುವುದು. ಕೈಗೆ ಅಭ್ಯಾಸವಿದೆ, ದುಡ್ಡೂ ಬರುತ್ತದೆ. ಮಾಡಿ, ಆದರೆ ಒಂದು ವರ್ಷದ ಮೇಲೆ ಬೇಡ. ಅದರಲ್ಲಿ ನಿಮ್ಮ ಮೈ ಸವೆಯುತ್ತದೆ, ತಲೆಗೆ ಕೆಲಸವಿಲ್ಲ.

ಅಂಪೈರಿಂಗ್ ಬಗ್ಗೆ ಕೇಳುವವರಿಗೆ ನೇರವಾಗಿ ಹೇಳುತ್ತೇನೆ. ಎತ್ತರದ ಕುರ್ಚಿಯಲ್ಲಿ ಕೂತು ಮ್ಯಾಚ್ ನಡೆಸುವ ಚೇರ್ ಅಂಪೈರ್ ಆಗುವುದಾದರೆ ಒಳ್ಳೆಯದು. ವೈಟ್ ಬ್ಯಾಡ್ಜ್‌ನಿಂದ ಶುರುಮಾಡಿ ಬ್ರಾಂಜ್, ಸಿಲ್ವರ್, ಗೋಲ್ಡ್ ಅಂತ ಏರುವ ದಾರಿ ಇದೆ. ಆದರೆ ಚೆಂಡು ಗೆರೆಯ ಒಳಗೋ ಹೊರಗೋ ಅಂತ ಹೇಳುವ ಲೈನ್ ಅಂಪೈರ್ ಕೆಲಸವನ್ನು ನಂಬಿ ಕೂರಬೇಡಿ. 2025ರಲ್ಲಿ ವಿಂಬಲ್ಡನ್ ಕೂಡ ಲೈನ್ ಅಂಪೈರ್‌ಗಳನ್ನು ಬಿಟ್ಟು ಎಲೆಕ್ಟ್ರಾನಿಕ್ ತೀರ್ಪಿಗೆ ಹೋಯಿತು.

ಟೂರ್ನಿ ನಡೆಸುವ ಕಡೆಯೂ ಮಾಜಿ ಆಟಗಾರರು ಬೇಕು. ಅಮೆಲಿ ಮೊರೆಸ್ಮೊ ಫ್ರೆಂಚ್ ಓಪನ್ ನಿರ್ದೇಶಕಿ ಆದರು, ಟಾಮಿ ಹಾಸ್ ಅಮೆರಿಕದ ಇಂಡಿಯನ್ ವೆಲ್ಸ್ ಟೂರ್ನಿಯಲ್ಲಿ ಅದೇ ಕೆಲಸ ಹಿಡಿದರು. ನಮ್ಮಂಥವರಿಗೆ ಅಷ್ಟು ದೊಡ್ಡ ಕುರ್ಚಿ ಸಿಗಲಿಕ್ಕಿಲ್ಲ. ಆದರೆ ಸಣ್ಣ ಟೂರ್ನಿಯಲ್ಲಿ ಪ್ರಾಕ್ಟೀಸ್ ಕೋರ್ಟ್ ಹಂಚುವ ಡೆಸ್ಕ್ ಇರುತ್ತದೆ. ಬೆಳಿಗ್ಗೆ ಏಳಕ್ಕೆ ಕೋರ್ಟ್ ಸಿಗದೆ ಒದ್ದಾಡಿದವರೇ ಅಲ್ಲಿ ಕೂತರೆ ಆಟಗಾರರಿಗೆ ಎಷ್ಟು ಅನುಕೂಲ, ಯೋಚಿಸಿ. ನನ್ನ ಜೊತೆ ಆಡಿದ ಒಬ್ಬ ಅಲ್ಲಿಂದಲೇ ಶುರುಮಾಡಿದ.

ಇನ್ನು ಕೋಚಿಂಗ್. ಇದರ ಬಗ್ಗೆ ಜಾಸ್ತಿ ಹೇಳಬೇಕು, ಯಾಕಂದರೆ ಆಡಲು ಬರುವವರಿಗೆಲ್ಲ ಕಲಿಸಲು ಬರುತ್ತದೆ ಅನ್ನುವ ತಪ್ಪು ತಿಳಿವಳಿಕೆ ನನಗೂ ಇತ್ತು.

ಮೊದಲ ವಾರ ಒಂಬತ್ತು ವರ್ಷದ ಒಬ್ಬ ಹುಡುಗನಿಗೆ ಸರ್ವ್ ಹೇಳಿಕೊಡುತ್ತಿದ್ದೆ. ಅವನು ಚೆಂಡು ಮೇಲೆಸೆದರೆ ಪ್ರತಿ ಸಲ ತಲೆಯ ಹಿಂದಕ್ಕೆ ಹೋಗುತ್ತಿತ್ತು. "ಮುಂದೆ ಹಾಕು" ಅಂದೆ. ಮತ್ತೆ ಹಿಂದಕ್ಕೆ ಹೋಯಿತು. "ಕೈ ನೇರ ಇಡು" ಅಂದೆ. ಮತ್ತೆ ಹಾಗೇ. ಅವನು ರ‍್ಯಾಕೆಟ್ ಕೆಳಗಿಟ್ಟು ಕೇಳಿದ, "ಸರ್, ನಾನು ಮುಂದೇನೇ ಹಾಕ್ತಾ ಇದೀನಿ. ಅದು ಯಾಕೆ ಹಿಂದೆ ಹೋಗುತ್ತೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಇಪ್ಪತ್ತು ವರ್ಷ ಸರ್ವ್ ಮಾಡಿದ್ದೇನೆ. ಆದರೆ ನನ್ನ ಎಡಗೈ ಏನು ಮಾಡುತ್ತದೆ ಅಂತ ನನಗೇ ಗೊತ್ತಿರಲಿಲ್ಲ.

ಆ ಸಂಜೆ ಫೋನನ್ನು ಬೇಲಿಗೆ ಸಿಕ್ಕಿಸಿ ನನ್ನದೇ ಸರ್ವ್ ವಿಡಿಯೋ ಮಾಡಿದೆ. ನಿಧಾನ ಮಾಡಿ ನೋಡಿದೆ. ಚೆಂಡು ನನ್ನ ಅಂಗೈಯಲ್ಲಿ ಇರಲಿಲ್ಲ, ಬೆರಳ ತುದಿಗಳಲ್ಲಿತ್ತು. ಕೈ ಭುಜದಿಂದಲೇ ಏಳುತ್ತಿತ್ತು, ಮೊಣಕೈ ಮಡಚುತ್ತಿರಲಿಲ್ಲ, ಮಣಿಕಟ್ಟು ಅಲ್ಲಾಡುತ್ತಿರಲಿಲ್ಲ. ಹೆಚ್ಚುಕಮ್ಮಿ ಕಣ್ಣಿನ ಮಟ್ಟಕ್ಕೆ ಬಂದಾಗ ಬೆರಳುಗಳೆಲ್ಲ ಒಟ್ಟಿಗೆ ಬಿಚ್ಚಿಕೊಳ್ಳುತ್ತಿದ್ದವು. ಹುಡುಗ ಚೆಂಡನ್ನು ಮುಷ್ಟಿಯಲ್ಲಿ ಹಿಡಿಯುತ್ತಿದ್ದ. ಬಿಡುವಾಗ ಮಣಿಕಟ್ಟು ಹಿಂದಕ್ಕೆ ಬಾಗುತ್ತಿತ್ತು, ಕೊನೆಗೆ ಬಿಚ್ಚುವ ಬೆರಳುಗಳು ಚೆಂಡನ್ನು ಹಿಂದಕ್ಕೆ ಉರುಳಿಸುತ್ತಿದ್ದವು. ಅವನು ಹೇಳಿದ್ದು ನಿಜ. ಕೈ ಮುಂದೇನೇ ಇತ್ತು.

ಮಾರನೇ ದಿನ ರ‍್ಯಾಕೆಟ್ ಬೇಡ ಅಂದೆ. ತುಂಬಿದ ನೀರಿನ ಲೋಟ ಕೈಯಲ್ಲಿದೆ ಅಂದುಕೋ, ಚೆಲ್ಲದ ಹಾಗೆ ಮೇಲೆತ್ತು ಅಂದೆ. ಹತ್ತು ಸಲ ಚೆಂಡಿಲ್ಲದೆ, ಆಮೇಲೆ ಚೆಂಡು ಹಿಡಿದು. ನಾಲ್ಕನೇ ಚೆಂಡು ನೇರ ಮೇಲೆ ಹೋಗಿ ಅವನ ಮುಂದೆ ಬಿತ್ತು. ಅವನು ಅದನ್ನು ನೋಡಿದ, ನನ್ನನ್ನು ನೋಡಿದ, ಏನೂ ಹೇಳದೆ ಮುಂದಿನ ಚೆಂಡು ತೆಗೆದುಕೊಂಡ. ಟೂರ್‌ನಲ್ಲಿ ಕೆಲವು ಒಳ್ಳೆ ಮ್ಯಾಚ್ ಗೆದ್ದಿದ್ದೇನೆ. ಆ ಚೆಂಡು ಅವುಗಳ ಸಾಲಿನಲ್ಲೇ ಇದೆ.

ಹಾಗಾಗಿ ನನ್ನ ಸಲಹೆ ಇದು. 52 ವಾರದಲ್ಲಿ ವಾರಕ್ಕೊಂದು ಹೊಡೆತ ಹಿಡಿದು ನಿಮ್ಮದೇ ವಿಡಿಯೋ ಮಾಡಿ. ಗ್ರಿಪ್ ಎಲ್ಲಿದೆ, ತೂಕ ಯಾವ ಕಾಲಿನ ಮೇಲಿದೆ, ಚೆಂಡು ಎಷ್ಟು ಮುಂದೆ ಸಿಗುತ್ತಿದೆ ಅಂತ ನೋಟ್‌ಬುಕ್‌ನಲ್ಲಿ ಬರೆಯಿರಿ. ಒಂಬತ್ತು ವರ್ಷದ ಮಗುವಿಗೆ ಅರ್ಥವಾಗುವ ಮಾತಲ್ಲಿ ಬರೆಯಿರಿ. ಜೊತೆಗೆ ಕೋಚಿಂಗ್ ಕೋರ್ಸ್ ಸೇರಿಕೊಳ್ಳಿ. ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್ ಐಟಿಎಫ್‌ನದ್ದು ಲೆವೆಲ್ 1, 2, 3 ಅಂತ ಇದೆ, ಹಲವು ದೇಶಗಳ ಫೆಡರೇಷನ್‌ಗಳು ಅದನ್ನೇ ನಡೆಸುತ್ತವೆ. "ನಾನು ಪ್ರೊ ಆಡಿದವನು, ನನಗೇಕೆ ಕೋರ್ಸ್" ಅನ್ನಬೇಡಿ. ಮಕ್ಕಳಿಗೆ ಕೆಂಪು, ಕಿತ್ತಳೆ, ಹಸಿರು ಬಣ್ಣದ ಮೆತ್ತನೆ ಚೆಂಡು ಯಾವ ವಯಸ್ಸಿಗೆ ಯಾವುದು ಅನ್ನುವುದು ನನಗೆ ಅಲ್ಲಿಗೆ ಹೋಗುವವರೆಗೆ ತಿಳಿದಿರಲಿಲ್ಲ.

ಟೂರ್‌ನಲ್ಲಿ ಆಡುವ ದೊಡ್ಡವರಿಗೆ ಕಲಿಸುವ ಆಸೆ ಇದ್ದರೆ ಈಗ ಒಳ್ಳೆ ಕಾಲ. 2025ರ ಜನವರಿಯಿಂದ ನಿಯಮದಲ್ಲೇ ಮ್ಯಾಚ್ ನಡುವೆ ಕೋಚ್ ಮಾತಾಡಲು ಅವಕಾಶವಿದೆ. ಎದುರಾಳಿ ಎಲ್ಲಿ ಸರ್ವ್ ಹಾಕುತ್ತಾನೆ, ಒತ್ತಡದಲ್ಲಿ ಯಾವ ಕಡೆ ಓಡುತ್ತಾನೆ ಅಂತ ಎರಡೇ ವಾಕ್ಯದಲ್ಲಿ ಹೇಳಬಲ್ಲವರಿಗೆ ಬೆಲೆ ಬಂದಿದೆ. ಮತ್ತೆ, ನಾನೇ ಗೆಲ್ಲದ್ದನ್ನು ಇನ್ನೊಬ್ಬರಿಗೆ ಹೇಗೆ ಗೆಲ್ಲಿಸಲಿ ಅಂತ ಹಿಂಜರಿಯಬೇಡಿ. ಇವಾನ್ ಲೆಂಡ್ಲ್ ಎಂಟು ಗ್ರ್ಯಾಂಡ್ ಸ್ಲಾಮ್ ಗೆದ್ದವರು, ಆದರೆ ವಿಂಬಲ್ಡನ್ ಮಾತ್ರ ಅವರಿಗೆ ಒಲಿಯಲೇ ಇಲ್ಲ. 1986 ಮತ್ತು 1987ರಲ್ಲಿ ಫೈನಲ್‌ನಲ್ಲಿ ಸೋತರು. 2013ರಲ್ಲಿ ಮರ್ರಿ ವಿಂಬಲ್ಡನ್ ಗೆದ್ದಾಗ ಕೋಚ್ ಜಾಗದಲ್ಲಿ ಕೂತಿದ್ದವರು ಅದೇ ಲೆಂಡ್ಲ್.

ಅಕಾಡೆಮಿ ಸೇರುವಾಗ ಎಲ್ಲವನ್ನೂ ಬರೆಸಿಕೊಳ್ಳಿ. ವಾರಕ್ಕೆ ಎಷ್ಟು ಗಂಟೆ, ಮಳೆ ಬಂದರೆ ಸಂಬಳ ಇದೆಯೇ, ಟೂರ್ನಿಗೆ ಹೋದರೆ ಪ್ರಯಾಣದ ಖರ್ಚು ಯಾರದು, ನೀವು ಗಾಯ ಮಾಡಿಕೊಂಡರೆ ಏನು. ನಾನು ಮೊದಲು ಸೇರಿದ ಕಡೆ ಬಾಯಿಮಾತಿನಲ್ಲೇ ಒಪ್ಪಿಕೊಂಡೆ. ಐದು ತಿಂಗಳ ದುಡ್ಡು ಇನ್ನೂ ಬರಬೇಕು. ಹಾಗೇ, ಕೋಚ್ ಆಗಿ ಟೂರ್ನಿಯ ಪಾಸ್ ತಗೊಂಡರೆ ಬೆಟ್ಟಿಂಗ್ ನಿಯಮ ಆಟಗಾರರಿಗಿದ್ದ ಹಾಗೇ ನಿಮಗೂ ಇದೆ. ಟೆನಿಸ್ ಮೇಲೆ ಒಂದು ರೂಪಾಯಿಯೂ ಕಟ್ಟುವಂತಿಲ್ಲ.

ಟೆನಿಸ್ ಬೇಡವೇ ಬೇಡ ಅನ್ನಿಸಿದರೆ

ಅದೂ ಸರಿಯೇ. ಆಸ್ಟ್ರೇಲಿಯಾದ ಆಟಗಾರ್ತಿ ಆ್ಯಶ್ ಬಾರ್ಟಿ 2014ರಲ್ಲಿ ಟೆನಿಸ್ ಬಿಟ್ಟು ಬ್ರಿಸ್ಬೇನ್ ಹೀಟ್ ತಂಡಕ್ಕೆ ಕ್ರಿಕೆಟ್ ಆಡಿದರು. ವಾಪಸ್ ಬಂದು ನಂಬರ್ 1 ಆದರು. 2022ರಲ್ಲಿ ಆಸ್ಟ್ರೇಲಿಯನ್ ಓಪನ್ ಗೆದ್ದು, ಎರಡು ತಿಂಗಳಲ್ಲಿ 25ನೇ ವಯಸ್ಸಿಗೆ ನಿಲ್ಲಿಸಿಬಿಟ್ಟರು. ಅವರು ಹೋದ ರೀತಿ ನನಗೆ ತುಂಬ ಇಷ್ಟ. ಸ್ವೀಡನ್ನಿನ ಹಳೇ ಚಾಂಪಿಯನ್ ಬ್ಯೋರ್ನ್ ಬೋರ್ಗ್ ಕಥೆ ಓದಿದರೆ ಮನಸ್ಸು ಭಾರವಾಗುತ್ತದೆ. 26ಕ್ಕೆ ಬಿಟ್ಟು, 1991ರಲ್ಲಿ ಮಾಂಟೆ ಕಾರ್ಲೊಗೆ ಹಳೇ ಮರದ ರ‍್ಯಾಕೆಟ್ ಹಿಡಿದೇ ಬಂದರು. ಅಷ್ಟರಲ್ಲಿ ಎಲ್ಲರ ಕೈಯಲ್ಲೂ ಗ್ರ್ಯಾಫೈಟ್ ರ‍್ಯಾಕೆಟ್ ಇತ್ತು. ಮೊದಲ ಸುತ್ತಲ್ಲೇ ಸೋತರು. ಮತ್ತೆ ಆಡುವುದಾದರೆ ಈಗಿನ ಆಟ ಹೇಗಿದೆ ಅಂತ ನೋಡಿಕೊಂಡು ಬನ್ನಿ. ಬೆಲ್ಜಿಯಂನ ಆಟಗಾರ್ತಿ ಕಿಮ್ ಕ್ಲೈಸ್ಟರ್ಸ್ ಹಾಗೆ ಬಂದವರು. 2007ರಲ್ಲಿ ನಿಲ್ಲಿಸಿ, ತಾಯಿಯಾಗಿ, 2009ರಲ್ಲಿ ಮರಳಿದ ಮೂರನೇ ಟೂರ್ನಿಯಲ್ಲೇ ಯುಎಸ್ ಓಪನ್ ಗೆದ್ದರು.

ಸಿಂಗಲ್ಸ್ ಸಾಕಾಗಿ ಕಾಲು ಇನ್ನೂ ಇದೆ ಅನ್ನುವವರು ಡಬಲ್ಸ್ ನೋಡಿ. ರೋಹನ್ ಬೋಪಣ್ಣ 2024ರ ಜನವರಿಯಲ್ಲಿ ಮ್ಯಾಥ್ಯೂ ಎಬ್ಡೆನ್ ಜೊತೆ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದಾಗ ವಯಸ್ಸು 43. ಆಗಲೇ ಡಬಲ್ಸ್‌ನಲ್ಲಿ ನಂಬರ್ 1 ಕೂಡ ಆದರು. ಸುಮ್ನೆ ಖುಷಿಗೆ ಆಡುವವರಿಗೆ ಐಟಿಎಫ್ ಮಾಸ್ಟರ್ಸ್ ಟೂರ್ ಇದೆ. 30 ದಾಟಿದವರಿಂದ 90 ದಾಟಿದವರವರೆಗೆ ಐದೈದು ವರ್ಷದ ಗುಂಪು. ನಾನು ಅಲ್ಲಿ 65ರ ಗುಂಪಿನ ಒಬ್ಬರ ಸ್ಲೈಸ್ ಬ್ಯಾಕ್‌ಹ್ಯಾಂಡ್ ನೋಡುತ್ತಾ ನನ್ನ ಮ್ಯಾಚ್‌ಗೆ ಕರೆದದ್ದು ಕೇಳಿಸಿಕೊಂಡಿರಲಿಲ್ಲ.

ಮನೆಯವರ ಜೊತೆ

ವರ್ಷಕ್ಕೆ ಇಪ್ಪತ್ತೈದು, ಮೂವತ್ತು ವಾರ ಹೊರಗಿದ್ದವರು ಒಮ್ಮೆಲೇ ಮನೆಯಲ್ಲಿ ಇರಲು ಶುರುಮಾಡುತ್ತೀರಿ. ಮನೆಯವರಿಗೆ ನೀವಿಲ್ಲದೆಯೇ ಒಂದು ದಿನಚರಿ ಇರುತ್ತದೆ. ಅದರೊಳಗೆ ಜಾಗ ಕೇಳಿ ಪಡೆಯಿರಿ, ನುಗ್ಗಬೇಡಿ. ಇನ್ನು ಅಪ್ಪ ಅಮ್ಮ. ಅವರೂ ಒಂದು ವೃತ್ತಿ ಮುಗಿಸುತ್ತಿದ್ದಾರೆ. ನಮ್ಮಪ್ಪ ಹದಿನೈದು ವರ್ಷ ನನ್ನ ಲೈವ್ ಸ್ಕೋರ್ ನೋಡಿದವರು. ನಾನು ನಿಲ್ಲಿಸಿದ ಮೇಲೆ ಯಾರ ಯಾರದೋ ಮ್ಯಾಚಿನ ಸ್ಕೋರ್ ತೆರೆದು ಕೂರುತ್ತಿದ್ದರು. ನಿಮ್ಮ ನಿರ್ಧಾರವನ್ನು ಅವರಿಗೆ ಫೋನಿನಲ್ಲಿ ಹೇಳಬೇಡಿ. ಹೋಗಿ ಎದುರು ಕೂತು ಹೇಳಿ. ಅವರು ಏನೂ ಮಾತಾಡದಿದ್ದರೆ ಎದ್ದು ಹೋಗಬೇಡಿ.

ರ‍್ಯಾಕೆಟ್‌ಗಳು

ಆರೂ ರ‍್ಯಾಕೆಟ್ ಬ್ಯಾಗಲ್ಲೇ ಬಿಟ್ಟು ಅಟ್ಟಕ್ಕೆ ಹಾಕಬೇಡಿ. ಟೈಟಾಗಿ ಸ್ಟ್ರಿಂಗ್ ಹಾಕಿದ ಫ್ರೇಮ್ ವರ್ಷಗಟ್ಟಲೆ ಹಾಗೇ ಇರುವುದು ಒಳ್ಳೆಯದಲ್ಲ. ಸ್ಟ್ರಿಂಗ್ ಕತ್ತರಿಸಿ ಇಡಿ. ಕತ್ತರಿಸುವಾಗ ಮಧ್ಯದಿಂದ ಶುರುಮಾಡಿ, ಒಂದು ಉದ್ದದ್ದು ಒಂದು ಅಡ್ಡದ್ದು ಅಂತ ಹೊರಕ್ಕೆ ಬನ್ನಿ. ಒಂದೇ ಕಡೆಯಿಂದ ಕತ್ತರಿಸಿದರೆ ಎಳೆತ ಏರುಪೇರಾಗಿ ಫ್ರೇಮ್ ಬಾಗಬಹುದು. ಒಂದೊಂದು ಕತ್ತರಿಸಿದಾಗಲೂ ಟಪ್ ಅಂತ ಸದ್ದು ಬರುತ್ತದೆ. ನಾಲ್ಕು ರ‍್ಯಾಕೆಟ್ ಹಾಗೆ ಖಾಲಿ ಮಾಡಿ, ಹೊಸ ಗ್ರಿಪ್ ಸುತ್ತಿ, ತೋಳಿಗೆ ಬಲ ಬಂದ ನನ್ನ ವಿದ್ಯಾರ್ಥಿಗಳಿಗೆ ಒಂದೊಂದಾಗಿ ಕೊಟ್ಟೆ. ಉಳಿದ ಎರಡಕ್ಕೆ ಮೊದಲು ಗಟ್ಟಿ ಪಾಲಿ ಸ್ಟ್ರಿಂಗ್ 54 ಪೌಂಡ್ ಎಳೆತಕ್ಕೆ ಹಾಕುತ್ತಿದ್ದೆ. ಈಗ ಮೆತ್ತನೆ ಮಲ್ಟಿಫಿಲಮೆಂಟ್, 48 ಪೌಂಡ್. ಮೊಣಕೈಗೆ ಹಿತ. ಸೋಮವಾರ ಬೆಳಿಗ್ಗೆ ಏಳಕ್ಕೆ ಮಕ್ಕಳ ಕ್ಲಾಸ್ ಇಟ್ಟುಕೊಂಡಿದ್ದೇನೆ, ಬೇಕಂತಲೇ. ಆ ಹೊತ್ತಿಗೆ ಫೋನ್ ಚೆಂಡಿನ ಬುಟ್ಟಿಯ ತಳದಲ್ಲಿರುತ್ತದೆ.